ಮೆಟ್ರೊ ಪಕ್ಕದ ಹಳೇ ಮನೆ, ಹತ್ತು ತಿಂಗಳ ಅಡ್ವಾನ್ಸು

ಹೋದ ವಾರ ಗೋವಿನಕೋವಿಯಿಂದ ಫೋನ್ ಬಂತು. ಡಿಗ್ರಿ ಮುಗಿಸಿದ ಹುಡುಗ, ನಮಗಿಂತ ನಾಲ್ಕು ವರ್ಷ ಚಿಕ್ಕವನು. "ಅಣ್ಣಾ, ಬೆಂಗಳೂರಾಗೆ ಕೆಲಸ ಆಗೇತಿ. ಮೆಟ್ರೊ ಹತ್ರ ಒಂದು ಮನೆ ನೋಡ್ರಿ. ಹಳೇದಾದ್ರೂ ಅಡ್ಡಿಯಿಲ್ಲ, ಬಾಡಿಗೆ ಕಮ್ಮಿ ಇದ್ರೆ ಸಾಕು" ಅಂದ. ಒಂದು ವರ್ಷದ ಹಿಂದೆ ನಾವೂ ಹೀಗೇ ಅಂದುಕೊಂಡು ಹುಡುಕಲು ಹೊರಟವರು. ಅವನಿಗೆ ಫೋನಿನಲ್ಲಿ ಅರ್ಧ ಹೇಳಿದೆವು, ಇನ್ನರ್ಧ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಮೂವರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದವರು. ಹಾಸ್ಟೆಲಿನಲ್ಲಿ ಹೆಸರಿಗಿಂತ ಊರೇ ಹೆಸರು. ಒಬ್ಬ ಗೋವಿನಕೋವಿ, ಇನ್ನೊಬ್ಬ ಚನ್ನಗಿರಿ, ಮತ್ತೊಬ್ಬ ಜಗಳೂರು. ಈಗ ಮೂರೂ ದಾವಣಗೆರೆ ಜಿಲ್ಲೆ. ಆದರೆ ನಮ್ಮ ಮನೆಗಳಲ್ಲಿ ಹಿರಿಯರು ಇವತ್ತಿಗೂ ಶಿವಮೊಗ್ಗ ಜಿಲ್ಲೆ, ಚಿತ್ರದುರ್ಗ ಜಿಲ್ಲೆ ಅಂತಲೇ ಹೇಳುತ್ತಾರೆ. 1997ರಲ್ಲಿ ಆದ ಜಿಲ್ಲೆ ಅವರ ಬಾಯಿಗೆ ಇನ್ನೂ ಹತ್ತಿಲ್ಲ.

ಬೆಂಗಳೂರಿಗೆ ಬಂದ ಮೊದಲ ಎರಡು ವರ್ಷ ನೆಲಮಂಗಲದ ಕಡೆ ಒಂದು ಶೀಟಿನ ಮನೆಯಲ್ಲಿದ್ದೆವು. ಬಾಡಿಗೆ ಏಳು ಸಾವಿರ. ದಿನಕ್ಕೆ ಮೂರೂವರೆ ಗಂಟೆ ಬಸ್ಸಿನಲ್ಲೇ ಹೋಗುತ್ತಿತ್ತು. ಚನ್ನಗಿರಿಯವನು ಟಿವಿ ಡೆಸ್ಕಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಕೆಲಸ ಮುಗಿದರೂ ಬೆಳಗಿನ ಬಸ್ಸಿನ ತನಕ ಆಫೀಸಿನ ಸೋಫಾದ ಮೇಲೇ ಮಲಗುತ್ತಿದ್ದ. ಆಫೀಸಿನ ಗಾಡಿ ಅಷ್ಟು ದೂರಕ್ಕೆ ಬರುತ್ತಿರಲಿಲ್ಲ. ಅವನ ಬೆನ್ನು ನೋವಿನಿಂದಲೇ ಈ ಮೆಟ್ರೊ ಮನೆಯ ಮಾತು ಶುರುವಾಯಿತು.

2025ರ ಜನವರಿಯ ಭಾನುವಾರಗಳನ್ನೆಲ್ಲ ಹುಡುಕುವುದಕ್ಕೇ ಕಳೆದೆವು. ಯಶವಂತಪುರದಲ್ಲಿ ಇಳಿದು ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ರಾಜಾಜಿನಗರ, ಕುವೆಂಪು ರಸ್ತೆ, ಶ್ರೀರಾಮಪುರ ಅಂತ ಹಸಿರು ಮಾರ್ಗದ ಕಂಬಗಳ ಕೆಳಗೇ ನಡೆಯುವುದು, ಎಡಬಲದ ಗಲ್ಲಿಗಳಿಗೆ ನುಗ್ಗುವುದು, ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಮಾಡುವುದು. ಮೊಬೈಲ್ ಆ್ಯಪಿನಲ್ಲೂ ಮನೆಗಳಿವೆ, ಆದರೆ ಹಳೇ ಕಟ್ಟಡಗಳ ಯಜಮಾನರು ಹೆಚ್ಚಿನವರು ವಯಸ್ಸಾದವರು. ಅವರು ಈಗಲೂ ನಂಬುವುದು ರಟ್ಟಿನ ಬೋರ್ಡನ್ನೇ. ಬ್ರೋಕರ್ ಮೂಲಕ ಹೋದರೆ ಒಂದು ತಿಂಗಳ ಬಾಡಿಗೆ ಅವನಿಗೆ.

ಈ ಭಾಗದಲ್ಲಿ ಮೆಟ್ರೊ ಓಡಲು ಶುರುವಾದದ್ದು 2014ರ ಮಾರ್ಚ್ 1ರಂದು, ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ. ಅದಕ್ಕೂ ಮೊದಲು ಇದು ಮಿಲ್ಲು, ಸಣ್ಣ ಕಾರ್ಖಾನೆಗಳ ಕೆಲಸಗಾರರ ಸೀಮೆ. ಈಗಿನ ಮಂತ್ರಿ ಮಾಲ್ ನಿಂತಿರುವುದೂ ಹಿಂದೆ ಬಟ್ಟೆ ಮಿಲ್ಲಿದ್ದ ಜಾಗದಲ್ಲಿ. ಹಾಗಾಗಿ ಸಣ್ಣ ಸೈಟು, ಅದರ ಮೇಲೆ ಮೂರು ಮಹಡಿ, ಮಹಡಿಗೆ ಎರಡು ಮನೆ, ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಂಥ ಮೆಟ್ಟಿಲು. ಹೊಸ ಕಟ್ಟಡದಲ್ಲಿ ಲಿಫ್ಟು, ಪಾರ್ಕಿಂಗು ಇದ್ದರೆ ನಮಗೆ ಹೇಳಿದ್ದು ಇಪ್ಪತ್ತೈದು, ಮೂವತ್ತು ಸಾವಿರ. ಹಳೇದಕ್ಕೆ ಹದಿನೈದರ ಸುತ್ತ. ನಮ್ಮ ಸಂಬಳ ಆಗ ಹದಿನೆಂಟರಿಂದ ಇಪ್ಪತ್ತೆರಡರ ಒಳಗೆ.

ಹುಡುಕುವಾಗ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಫ್ಯಾಮಿಲಿನಾ, ಬ್ಯಾಚುಲರ್ಸಾ? ಬ್ಯಾಚುಲರ್ಸ್ ಅಂದರೆ ಅರ್ಧ ಬಾಗಿಲು ಅಲ್ಲೇ ಮುಚ್ಚುತ್ತದೆ. ಏನು ಕೆಲಸ? ಪತ್ರಕರ್ತರು ಅಂದರೆ ಇನ್ನಷ್ಟು ಮುಚ್ಚುತ್ತದೆ. ಊರಲ್ಲಿ ಪತ್ರಕರ್ತ ಅಂದರೆ ಚಹಾ ಕೊಡುತ್ತಾರೆ, ಇಲ್ಲಿ ಬಾಡಿಗೆ ಕೊಡದೆ ಜಗಳಕ್ಕೆ ನಿಲ್ಲುವವರು ಅಂತ ಭಯ. ಆಮೇಲೆ, ವೆಜ್ಜಾ, ನಾನ್‌ವೆಜ್ಜಾ? ಕೊನೆಗೆ, ಸ್ವಲ್ಪ ದನಿ ತಗ್ಗಿಸಿ, "ನೀವು ಯಾವ ಜನ?"

ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾಗಿಲ್ಲ, ಯಾವ ಕೇರಿ ಅಂದರೆ ಸಾಕು. ಹಾಗಾಗಿ ಬೆಂಗಳೂರು ನಮ್ಮೂರಿಗಿಂತ ಕೆಟ್ಟದ್ದು ಅಂತ ಬರೆಯುವ ಯೋಗ್ಯತೆ ನಮಗಿಲ್ಲ.

ಕುವೆಂಪು ರಸ್ತೆ ನಿಲ್ದಾಣದ ಹತ್ತಿರ ನೋಡಿದ ಮನೆ ಚೆನ್ನಾಗಿತ್ತು. ಎರಡು ಕೋಣೆ, ಗಾಳಿ ಬೆಳಕು, ಹದಿನಾಲ್ಕು ಸಾವಿರ. ಯಜಮಾನರಿಗೂ ನಾವು ಹಿಡಿಸಿದ್ದೆವು. ಕೊನೆಯ ಪ್ರಶ್ನೆ ಬಂದಾಗ ಜಗಳೂರಿನವನು ತನ್ನ ಜಾತಿ ಹೇಳಿದ. ಅವನು ದಲಿತ. ಅವನಿಗೆ ಹೇಳಲು ಹಿಂಜರಿಕೆ ಇರಲಿಲ್ಲ, ಕೇಳಿದವರಿಗೆ ಇತ್ತು. "ಮನೆಯವರ ಹತ್ರ ಮಾತಾಡಿ ಫೋನ್ ಮಾಡ್ತೀನಪ್ಪ" ಅಂದರು. ಫೋನ್ ಬರಲಿಲ್ಲ. ಜಾತಿಯ ಕಾರಣಕ್ಕೆ ವಾಸದ ಮನೆ ಸಿಗದಂತೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಆದರೆ ಫೋನ್ ಮಾಡ್ತೀನಿ ಅಂದವರು ಮಾಡಲಿಲ್ಲ ಅಂತ ಯಾವ ಠಾಣೆಯಲ್ಲಿ ದೂರು ಬರೆಸುವುದು?

ಮುಂದಿನ ಭಾನುವಾರ ಶ್ರೀರಾಮಪುರದಲ್ಲಿ ಇನ್ನೊಂದು ಮನೆ. ನಿಲ್ದಾಣದಿಂದ ನಡೆದರೆ ನಾಲ್ಕು ನಿಮಿಷ. ಮೂರನೇ ಮಹಡಿ. ಮೊಸಾಯಿಕ್ ನೆಲ, ಕಡಪ ಕಲ್ಲಿನ ಅಡುಗೆ ಕಟ್ಟೆ, ಕಬ್ಬಿಣದ ಸರಳಿನ ಮರದ ಕಿಟಕಿ, ರಸ್ತೆ ಕಡೆ ಒಂದು ಬಾಲ್ಕನಿ. ಬಾಲ್ಕನಿಗೆ ನೇರ ಎದುರು, ಅದೇ ಎತ್ತರಕ್ಕೆ, ಮೆಟ್ರೊ ಹಳಿ. ಕೆಳಗಿನ ಮನೆಯಲ್ಲಿ ಯಜಮಾನಿ ಅಜ್ಜಿ ಒಬ್ಬರೇ. ಮಗ ಬೇರೆ ಕಡೆ. ಅಜ್ಜಿ ಎಲ್ಲ ಪ್ರಶ್ನೆ ಕೇಳಿ ಕೊನೆಗೆ, "ಏನಪ್ಪ, ನೀವು ಯಾವ ಜನ?" ಅಂದರು. ಚನ್ನಗಿರಿಯವನು ತಟ್ಟನೆ ತನ್ನ ಜಾತಿ ಹೇಳಿ, "ನಾವೆಲ್ಲ ಒಂದೇ ಜನ ಅಜ್ಜಿ" ಅಂದುಬಿಟ್ಟ. ಗೋವಿನಕೋವಿಯವನು ಹೂಂ ಅಂದ. ಜಗಳೂರಿನವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಈ ಬರಹದಲ್ಲಿ ನಾವು ಅಂದರೆ ಮೂವರು. ಆ ಒಂದು ಜಾಗದಲ್ಲಿ ಮಾತ್ರ ನಾವು ಅಂದರೆ ಇಬ್ಬರು. ಇದನ್ನು ಹೀಗೇ ಬರೆಯಬೇಕು ಅಂತ ಹೇಳಿದವನು ಜಗಳೂರಿನವನೇ.

ಮನೆ ಸಿಕ್ಕಿತು. ಬಾಡಿಗೆ ಹದಿನೈದು, ಅಡ್ವಾನ್ಸು ಹತ್ತು ತಿಂಗಳದ್ದು, ಅಂದರೆ ಒಂದೂವರೆ ಲಕ್ಷ. ಊರಲ್ಲಿ ಇದನ್ನು ಹೇಳಿದರೆ ಯಾರೂ ನಂಬಲಿಲ್ಲ. "ಮನೆ ಕೊಂಡ್ಯಾ ಏನೋ?" ಅಂತ ಕೇಳಿದರು. ತಲೆಗೆ ಐವತ್ತು ಸಾವಿರ. ಗೋವಿನಕೋವಿಯಲ್ಲಿ ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಬೋರಿನ ಮೋಟಾರು ಬದಲಿಸಬೇಕಿತ್ತು, ಅದನ್ನು ಮುಂದಕ್ಕೆ ಹಾಕಿದರು. ಚನ್ನಗಿರಿಯಲ್ಲಿ ಅಡಿಕೆ ಇದೆ, ಅಲ್ಲಿ ಅಷ್ಟು ಕಷ್ಟವಾಗಲಿಲ್ಲ. ಜಗಳೂರಿನಲ್ಲಿ ಮಳೆ ನಂಬಿದ ಎರಡೆಕರೆ. ಅವ್ವ ಸಂಘದಲ್ಲಿ ಸಾಲ ಎತ್ತಿದರು, ವಾರ ವಾರ ಕಂತು.

ಅಡ್ವಾನ್ಸಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಊರಿನವರು ಸಿಕ್ಕಿಬೀಳುವುದು ಇಲ್ಲೇ. ಹತ್ತು ತಿಂಗಳು ಅಂತ ಯಾವ ಕಾನೂನೂ ಹೇಳಿಲ್ಲ, ಅದು ಬೆಂಗಳೂರಿನ ರೂಢಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯಗಳು ತಮ್ಮದು ಅಂತ ಮಾಡಿಕೊಂಡರೆ ಮಾತ್ರ ಜಾರಿ. ನಮ್ಮ ರಾಜ್ಯದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಮುಟ್ಟುವುದಿಲ್ಲ. ಆ ಬಾಡಿಗೆಗೆ ಈಗ ಬೈಕ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ಉಳಿಯುವುದು ಕರಾರು ಪತ್ರ ಒಂದೇ. ಅದು ಹನ್ನೊಂದು ತಿಂಗಳಿಗೇ ಯಾಕೆ ಅಂತ ನಮಗೂ ಮೊದಲು ಗೊತ್ತಿರಲಿಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ ವರ್ಷದ ಮೇಲಿನ ಗೇಣಿ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು, ಆ ಖರ್ಚು ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ. ಅಡ್ವಾನ್ಸನ್ನು ನಗದು ಕೊಡಬೇಡಿ, ಬ್ಯಾಂಕಿನಿಂದ ಹಾಕಿ. ಬಿಡುವಾಗ ಏನೇನು ಮುರಿದುಕೊಳ್ಳುತ್ತಾರೆ ಅಂತ ಪತ್ರದಲ್ಲಿ ಬರೆಸಿ. ನಾವು ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಬರೆದದ್ದನ್ನು ಓದಿದೆವು, "ಮತ್ತು ಇತರೆ ರಿಪೇರಿ" ಅನ್ನುವುದನ್ನು ಓದದೆ ಸಹಿ ಹಾಕಿದೆವು. ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಬೇರೆ.

ಇನ್ನೊಂದು ದಾರಿ ಭೋಗ್ಯ. ಇಲ್ಲಿ ಲೀಸ್ ಅನ್ನುತ್ತಾರೆ. ಐದಾರು ಲಕ್ಷ ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್. ನಮ್ಮ ಕಡೆ ಹೊಲ ಭೋಗ್ಯಕ್ಕೆ ಹಾಕಿದಂತೆಯೇ. ಆದರೆ ಊರಲ್ಲಿ ಹೊಲ ಯಾರದ್ದು ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಮನೆ ಯಾರದ್ದು, ಅದರ ಮೇಲೆ ಯಾವ ಬ್ಯಾಂಕಿನ ಸಾಲವಿದೆ, ಎದುರಿಗೆ ಕೂತವನು ನಿಜವಾದ ಯಜಮಾನನೋ ಮಧ್ಯದವನೋ, ಯಾವುದೂ ಗೊತ್ತಿರುವುದಿಲ್ಲ. ಋಣಭಾರ ಪತ್ರ ತೆಗೆಸದೆ ಭೋಗ್ಯಕ್ಕೆ ಹೋಗಬೇಡಿ.

ಫೆಬ್ರುವರಿ 1ಕ್ಕೆ ಮನೆ ಸೇರಿದೆವು. 9ನೇ ತಾರೀಖು ಮೆಟ್ರೊ ದರ ಏರಿತು. ಗರಿಷ್ಠ ಟಿಕೆಟ್ 60 ಇದ್ದದ್ದು 90 ಆಯಿತು. ಅಡ್ವಾನ್ಸು ಕೊಟ್ಟು ಬಂದ ವಾರದಲ್ಲೇ! ನಮ್ಮದು ಹತ್ತಿರದ ಪ್ರಯಾಣ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಕಬ್ಬನ್ ಪಾರ್ಕಿಗೆ ಹೋಗುವುದು. ಹಾಗಾಗಿ ಅಷ್ಟು ಹೊಡೆತ ಬೀಳಲಿಲ್ಲ. ನೆಲಮಂಗಲದ ಕಡೆಯಿಂದ ದಿನಾ ಬರುವ ಗೆಳೆಯರು ಮತ್ತೆ ಬಸ್ಸಿಗೆ ಹೋದರು.

ಹಳೇ ಮನೆ ಹೇಗಿರುತ್ತದೆ ಅನ್ನುವುದು ನೋಡಲು ಹೋದ ಹಗಲಿನಲ್ಲಿ ಗೊತ್ತಾಗುವುದಿಲ್ಲ. ಮೊದಲನೆಯದು ನೀರು. ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ, ಸಂಪಿಗೆ ಬರುತ್ತಿತ್ತು. ಅಲ್ಲಿಂದ ಮೋಟಾರಿನಲ್ಲಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಮೋಟಾರಿನ ಸ್ವಿಚ್ಚು ಅಜ್ಜಿಯ ಮನೆಯೊಳಗೆ. ಆರು ಮನೆಗೆ ಒಂದೇ ಟ್ಯಾಂಕು, ಕೆಳಗಿನವರು ಬಟ್ಟೆ ಒಗೆದ ದಿನ ಮೇಲಿನವರಿಗೆ ಗಾಳಿ. ನಾವು ಮೂರು ಡ್ರಮ್ಮು ತಂದಿಟ್ಟೆವು. ಊರಲ್ಲಿ ನಲ್ಲಿ ನೀರಿಗೆ ಕಾಯುವ ಅಭ್ಯಾಸ ಇದ್ದವರಿಗೆ ಇದೇನು ದೊಡ್ಡದಲ್ಲ, ಆದರೆ ಹದಿನೈದು ಸಾವಿರ ಕೊಟ್ಟು ಕಾಯುವುದು ಬೇರೆ ಥರ ಸಿಟ್ಟು ತರಿಸುತ್ತದೆ. ಎರಡನೆಯದು ಮಳೆ. ಮೇ ತಿಂಗಳಲ್ಲಿ ಮೇಲ್ಛಾವಣಿಯ ಮೂಲೆಯಿಂದ ನೀರಿಳಿದು ಗೋಡೆ ಉಬ್ಬಿ ಸುಣ್ಣ ಉದುರಿತು. ಮನೆ ನೋಡುವಾಗ ಬೀರು ನಿಲ್ಲಿಸಿದ ಜಾಗದ ಹಿಂದೆ ಇಣುಕಿ ನೋಡಿ, ಹೊಸ ಬಣ್ಣ ಒಂದೇ ಗೋಡೆಗೆ ಇದ್ದರೆ ಅನುಮಾನ ಪಡಿ. ಖಾಲಿ ಮಾಡುತ್ತಿರುವ ಬಾಡಿಗೆದಾರರು ಸಿಕ್ಕರೆ ಅವರನ್ನೇ ಕೇಳಿ, ಬಿಟ್ಟು ಹೋಗುವವರು ಸುಳ್ಳು ಹೇಳುವುದಿಲ್ಲ.

ಮೂರನೆಯದು ಕರೆಂಟು. ಬಾಡಿಗೆದಾರರಿಗೂ ಗೃಹಜ್ಯೋತಿ ಇದೆ. ಮನೆಗೆ ಬೇರೆ ಮೀಟರ್ ಇರಬೇಕು, ಅದರ ಖಾತೆ ನಂಬರಿಗೆ ನಮ್ಮ ಆಧಾರ್ ಜೋಡಿಸಬೇಕು, ಕರಾರು ಪತ್ರ ಕೊಡಬೇಕು. ನಮ್ಮ ಮಹಡಿಯಲ್ಲಿ ಎರಡು ಮನೆಗೆ ಒಂದೇ ಮೀಟರ್, ಒಳಗೆ ಸಬ್‌ಮೀಟರ್. ಅಜ್ಜಿಯ ಮಗ ಯೂನಿಟ್ಟಿಗೆ ಎಂಟು ರೂಪಾಯಿ ಲೆಕ್ಕ ಹಾಕಿ ತೆಗೆದುಕೊಳ್ಳುತ್ತಿದ್ದ. ಮನೆ ಒಪ್ಪುವ ಮೊದಲು ಮೆಟ್ಟಿಲ ಕೆಳಗೆ ಮೀಟರ್ ಎಣಿಸಿ.

ರೈಲಿನ ಸದ್ದು? ಮೊದಲ ವಾರ ನಿದ್ದೆ ಬರಲಿಲ್ಲ. ಬೆಳಗ್ಗೆ ಐದಕ್ಕೆ ಶುರುವಾದರೆ ರಾತ್ರಿ ಹನ್ನೊಂದು ದಾಟುವ ತನಕ. ಒಂದೊಂದು ರೈಲು ಹೋದಾಗಲೂ ಕಿಟಕಿಯ ಗಾಜು ಸಣ್ಣಗೆ ಝಣ ಅನ್ನುತ್ತಿತ್ತು. ಆಮೇಲೆ ಅದು ನಮಗೆ ಗಡಿಯಾರವಾಯಿತು. ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ನಿಂತರೆ ರೈಲಿನೊಳಗಿನವರ ಮುಖ ಕಾಣುತ್ತದೆ, ಅವರಿಗೆ ನಮ್ಮ ಒಣಹಾಕಿದ ಬನಿಯನ್ನು ಕಾಣುತ್ತದೆ.

ಅಜ್ಜಿ ಕೆಟ್ಟವರಾಗಿರಲಿಲ್ಲ. ಹತ್ತೂವರೆಗೆ ಗೇಟಿಗೆ ಬೀಗ ಹಾಕುವುದು ಅವರ ನಿಯಮ. ಆಫೀಸಿನ ಗಾಡಿಯಲ್ಲಿ ಒಂದೂವರೆಗೆ ಬರುವ ಚನ್ನಗಿರಿಯವನು ಎರಡು ತಿಂಗಳು ಗೇಟು ಹತ್ತಿ ಹಾರಿದ. ಒಂದು ರಾತ್ರಿ ಪ್ಯಾಂಟು ಹರಿಯಿತು. ಬೆಳಗ್ಗೆ ಅದನ್ನು ನೋಡಿ ನಕ್ಕು ಅವರೇ ಇನ್ನೊಂದು ಕೀಲಿ ಮಾಡಿಸಿ ಕೊಟ್ಟರು. ಯುಗಾದಿಗೆ ಹೋಳಿಗೆ, ಗೌರಿ ಹಬ್ಬಕ್ಕೆ ಕಡುಬು, ನಡುನಡುವೆ ಹುಳಿ, ಸ್ಟೀಲ್ ಡಬ್ಬಿಯಲ್ಲಿ ಮೇಲೆ ಬರುತ್ತಿತ್ತು. ನಾವು ಊರಿಂದ ಬಂದಾಗ ಆ ಡಬ್ಬಿಯಲ್ಲಿ ಮಂಡಕ್ಕಿ, ಅವ್ವ ಮಾಡಿದ ಚಟ್ನಿಪುಡಿ ಹಾಕಿ ಕೊಡುತ್ತಿದ್ದೆವು. ಚಟ್ನಿಪುಡಿ ಜಗಳೂರಿನದು. ಶೇಂಗಾ ಚಟ್ನಿಪುಡಿ ಇಷ್ಟು ರುಚಿ ತಾನು ತಿಂದೇ ಇಲ್ಲ ಅನ್ನುತ್ತಿದ್ದರು.

ಸೆಪ್ಟೆಂಬರಿನಲ್ಲಿ ಆ ಅವ್ವನೇ ಬಂದರು. ಎದೆ ನೋವು ಅಂತ ಜಯದೇವ ಆಸ್ಪತ್ರೆಗೆ ತೋರಿಸಬೇಕಿತ್ತು. ಶಕ್ತಿ ಯೋಜನೆ ಇರುವುದರಿಂದ ಕೆಂಪು ಬಸ್ಸಿನಲ್ಲಿ ಟಿಕೆಟ್ಟಿಗೆ ಖರ್ಚಿಲ್ಲ. ಮೆಟ್ರೊ ಪಕ್ಕದ ಮನೆಯ ನಿಜವಾದ ಬೆಲೆ ನಮಗೆ ಗೊತ್ತಾದದ್ದು ಆಗ. ಹಳದಿ ಮಾರ್ಗ ಹಿಂದಿನ ತಿಂಗಳಷ್ಟೇ, ಆಗಸ್ಟ್ 10ಕ್ಕೆ ಉದ್ಘಾಟನೆಯಾಗಿತ್ತು. ಶ್ರೀರಾಮಪುರದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಆಮೇಲೆ ಎರಡನೇ ನಿಲ್ದಾಣವೇ ಜಯದೇವ. ಆಟೊ ಇಲ್ಲ, ಟ್ರಾಫಿಕ್ ಇಲ್ಲ, ಅವ್ವನಿಗೆ ಉಬ್ಬಸ ಬರಲಿಲ್ಲ. ಎರಡು ದಿನದ ಕೆಲಸ, ಮಾತ್ರೆ ಸಾಕು ಅಂದರು. ನಮ್ಮ ಮೂವರಿಗೂ ಆ ಸಂಜೆ ಒಂದೂವರೆ ಲಕ್ಷ ದಂಡವಾಗಲಿಲ್ಲ ಅನ್ನಿಸಿತ್ತು.

ಮರುದಿನ ಬೆಳಗ್ಗೆ ಅವ್ವ ಮೆಟ್ಟಿಲ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದರು. ಅಜ್ಜಿ ಬಂದು ಪಕ್ಕದಲ್ಲಿ ಕೂತು ಮಾತಿಗೆ ತೊಡಗಿದರು. ಚಟ್ನಿಪುಡಿಯ ಮಾತು, ಮಳೆಯ ಮಾತು, ಮಕ್ಕಳ ಮದುವೆ ಮಾತು. ಮದುವೆ ಮಾತು ಬಂದ ಮೇಲೆ ಜನದ ಮಾತು ಬರದೇ ಇರುತ್ತದೆಯೇ? ಅವ್ವ ತಮ್ಮದು ಯಾವ ಜನ ಅಂತ ಹೇಳಿದರು. ಅವರಿಗೆ ನಮ್ಮ ಸುಳ್ಳು ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದರು ಅಂತ ಜಗಳೂರಿನವನು ಅನ್ನುತ್ತಾನೆ.

ಅಜ್ಜಿ ಜಗಳವಾಡಲಿಲ್ಲ, ಒಂದು ಮಾತೂ ಅನ್ನಲಿಲ್ಲ. ದೀಪಾವಳಿಗೆ ಡಬ್ಬಿ ಬರಲಿಲ್ಲ. ನಮ್ಮ ಹತ್ತಿರವೇ ಉಳಿದಿದ್ದ ಅವರ ಡಬ್ಬಿಯನ್ನು ವಾಪಸ್ ಕೊಡಲು ಹೋದರೆ, "ನೀವೇ ಇಟ್ಕೊಳ್ಳಿ" ಅಂದರು. ಡಿಸೆಂಬರ್ ಮೊದಲ ವಾರ ಮಗ ಫೋನ್ ಮಾಡಿದ. ಹನ್ನೊಂದು ತಿಂಗಳು ಮುಗಿಯುತ್ತೆ, ನಾನೇ ಬಂದು ಇರ್ತೀನಿ, ಮನೆ ಬೇಕು ಅಂದ. ಯಜಮಾನರಿಗೆ ತಮ್ಮ ಮನೆ ಬೇಕಾದರೆ ಕೇಳುವ ಹಕ್ಕಿದೆ. ನಿಜವಾಗಿಯೂ ಬೇಕಾಗಿರಬಹುದು ಅಂತ ನಾವಿಬ್ಬರು ವಾದಿಸಿದೆವು. ಜಗಳೂರಿನವನು ಸುಮ್ಮನೆ ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದ.

ಡಿಸೆಂಬರ್ 31ಕ್ಕೆ ಬಿಟ್ಟೆವು. ಜನವರಿ ಎರಡನೇ ವಾರ ಗೋವಿನಕೋವಿಯವನು ಮೆಟ್ರೊದಲ್ಲಿ ಹೋಗುತ್ತಿದ್ದ. ಶ್ರೀರಾಮಪುರ ನಿಲ್ದಾಣ ಸಮೀಪಿಸುವಾಗ ರೈಲು ನಿಧಾನವಾಗುತ್ತದೆ. ಕಿಟಕಿಯಾಚೆ ನಮ್ಮ ಬಾಲ್ಕನಿ. ಬಟ್ಟೆ ಒಣಹಾಕುತ್ತಿದ್ದ ತಂತಿಗೆ ರಟ್ಟಿನ ಬೋರ್ಡು, ಟು-ಲೆಟ್.

ಅಡ್ವಾನ್ಸು ಬಂದದ್ದು ಜನವರಿ ಕೊನೆಗೆ. ಪೇಂಟಿಂಗಿಗೆ ಹದಿನೈದು ಸಾವಿರ, ಇತರೆ ರಿಪೇರಿ ಅಂತ ಆರು ಸಾವಿರ ಮುರಿದುಕೊಂಡು ಒಂದು ಲಕ್ಷದ ಇಪ್ಪತ್ತೊಂಬತ್ತು ಸಾವಿರ. ಆ ಇತರೆ ರಿಪೇರಿ ಮಳೆಗೆ ಉಬ್ಬಿದ ಗೋಡೆಯದ್ದು. ತಲೆಗೆ ನಲವತ್ತಮೂರು ಸಾವಿರ ಬರುತ್ತಿತ್ತು. ಜಗಳೂರಿನ ಅವ್ವನ ಸಂಘದ ಸಾಲ ಇನ್ನೂ ಬಾಕಿ ಇತ್ತು. ನೀನು ಪೂರ್ತಿ ಐವತ್ತು ತಗೋ, ಉಳಿದದ್ದು ನಾವಿಬ್ಬರು ಹಂಚಿಕೊಳ್ಳುತ್ತೇವೆ ಅಂದೆವು. ಅವನು ಫೋನಿನಿಂದ ತಲೆ ಎತ್ತದೆ, "ನಲವತ್ತಮೂರು ಹಾಕ್ರಲೇ. ನನಗೆ ಲೆಕ್ಕ ಬೇಕು, ಪರಿಹಾರ ಬ್ಯಾಡ" ಅಂದ. ನಲವತ್ತಮೂರೇ ಹಾಕಿದೆವು. ಆ ದಿನದ ಬಗ್ಗೆ ಅವನ ಹತ್ತಿರ ಮಾತಾಡಿದ್ದು ಆವಾಗಲೇ, ಮೊದಲ ಸಲ. ಒಂದೇ ಜನ ಅಂದಾಗ ನಿನಗೆ ಏನನ್ನಿಸಿತು ಅಂತ ಕೇಳಿದೆವು. "ಮನೆ ಸಿಕ್ತಲ್ಲ ಅನ್ನಿಸ್ತು. ಅದಕ್ಕೇ ನನ್ನ ಮೇಲೆ ನನಗೇ ಸಿಟ್ಟು ಬಂತು" ಅಂದ.

ಈಗಿನ ಮನೆ ದಾಸರಹಳ್ಳಿ ನಿಲ್ದಾಣದಿಂದ ಹದಿನೈದು ನಿಮಿಷ ನಡಿಗೆ. ಇದೂ ಹಳೇದೇ. ಈ ಸಲ ಬೋರ್ಡಿನ ನಂಬರುಗಳಿಗೆ ಫೋನ್ ಮಾಡಿದ್ದು ಜಗಳೂರಿನವನು. ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ ತಾನು ಯಾರು ಅಂತ ಹೇಳುತ್ತಿದ್ದ. ಹನ್ನೊಂದು ಫೋನುಗಳಲ್ಲಿ ಏಳು ಅಲ್ಲೇ ಮುಗಿದವು. "ಚಪ್ಪಲಿ ಸವೆಯೋದು ಉಳಿತು" ಅನ್ನುತ್ತಿದ್ದ. ಎಂಟನೆಯವರು, ಪೀಣ್ಯದಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದವರು, "ಅದೆಲ್ಲ ಇರ್ಲಿ, ಬಾಡಿಗೆ ಐದನೇ ತಾರೀಖಿನೊಳಗೆ ಕೊಡ್ತೀರಾ?" ಅಂತ ಕೇಳಿದರು. ಬಾಡಿಗೆ ಹನ್ನೆರಡು, ಅಡ್ವಾನ್ಸು ಐದು ತಿಂಗಳು. ಮೀಟರ್ ಬೇರೆ ಇದೆ, ಗೃಹಜ್ಯೋತಿಗೆ ಅರ್ಜಿ ಹಾಕಿದ್ದೇವೆ. ನೀರು ಇಲ್ಲೂ ದಿನ ಬಿಟ್ಟು ದಿನ.

ಗೋವಿನಕೋವಿಯ ತಮ್ಮಾ, ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಮುಂದಿನ ತಿಂಗಳು ಖಾಲಿಯಾಗುತ್ತದೆ. ಛಾವಣಿ ಸೋರುತ್ತದೋ ಇಲ್ಲವೋ ಇನ್ನೂ ಮಳೆ ಬಂದಿಲ್ಲ, ಗೊತ್ತಿಲ್ಲ. ಬರುವುದಾದರೆ ಭಾನುವಾರದೊಳಗೆ ಹೇಳು, ಯಜಮಾನರಿಗೆ ಮಾತು ಕೊಡಬೇಕು. ಬರುವಾಗ ಎರಡು ಡ್ರಮ್ಮು ತಗೊಂಡು ಬಾ, ಊರಲ್ಲಿ ಅಗ್ಗ.